ಉಳ್ಳೂರಿನಲ್ಲಿ ಕೇಳಿಸಿದ ಎರಡು ಸದ್ದು

ನಮ್ಮ ಕುಂದಾಪುರದ ಕಡೆ ಉಳ್ಳೂರು ಎಂಬ ಊರುಂಟು. ತಿರುವನಂತಪುರದಲ್ಲಿಯೂ ಒಂದು ಉಳ್ಳೂರಿದೆ. ಮೊದಲನೆಯದು ಹಳ್ಳಿ, ಎರಡನೆಯದು ಬಸ್ಸು, ಆಟೋ, ಆಂಬುಲೆನ್ಸುಗಳು ಒಂದನ್ನೊಂದು ತಳ್ಳಾಡಿಕೊಂಡು ಹೋಗುವ ಪಟ್ಟಣದ ಕೂಡುರಸ್ತೆ. ಕೊಚ್ಚಿಯಿಂದ ಊರಿಗೆ ಫೋನು ಮಾಡಿ, “ನಾಳೆ ಉಳ್ಳೂರಿಗೆ ಹೊರಟಿದ್ದೇವೆ” ಎಂದರೆ, ನೆಂಟರು “ಯಾರ ಮನೆಯಲ್ಲಿ ಮದುವೆ?” ಎಂದು ಕೇಳುತ್ತಾರೆ. ಮದುವೆಯಲ್ಲ, ಅಪ್ಪಯ್ಯನ ಎದೆಯ ತಪಾಸಣೆ ಎಂದು ಪ್ರತಿ ವರ್ಷವೂ ಬಿಡಿಸಿ ಹೇಳಬೇಕಾಗುತ್ತದೆ.

ಅಪ್ಪಯ್ಯನಿಗೆ ೨೦೦೬ರಲ್ಲಿ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಹೃದಯದ ಕವಾಟ ಬದಲಾಯಿಸಿದರು. ಆ ಕವಾಟ ಅಲ್ಲಿಯೇ ರೂಪುಗೊಂಡದ್ದು. ಹೊರದೇಶದ ಕವಾಟಗಳ ಬೆಲೆ ನಮ್ಮ ಬಡ ರೋಗಿಗಳ ಕೈಗೆ ಎಟುಕುತ್ತಿರಲಿಲ್ಲವಾದ್ದರಿಂದ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ದುಡಿದು, ಮೊದಲ ಮಾದರಿಗಳು ಪರೀಕ್ಷೆಯಲ್ಲಿ ಸೋತರೂ ಬಿಡದೆ, ಲೋಹದ ಉಂಗುರದೊಳಗೆ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ ವಾಲಿ ಏಳುವಂಥ ಕವಾಟವನ್ನು ಮಾಡಿದರು. ೧೯೯೦ರ ಡಿಸೆಂಬರಿನಲ್ಲಿ ಅದನ್ನು ಮೊದಲ ಬಾರಿಗೆ ಮನುಷ್ಯನ ಎದೆಯಲ್ಲಿ ಇಟ್ಟರು. ಅದೇ ವಲಿಯತ್ತಾನರು ೧೯೯೩ರಲ್ಲಿ ನಮ್ಮ ಮಣಿಪಾಲಕ್ಕೆ ಬಂದು, ಅಲ್ಲಿಯ ವಿಶ್ವವಿದ್ಯಾನಿಲಯದ ಮೊದಲ ಉಪಕುಲಪತಿಗಳಾಗಿದ್ದರು. ೨೦೨೪ರ ಜುಲೈಯಲ್ಲಿ ಮಣಿಪಾಲದಲ್ಲಿಯೇ ತೀರಿಕೊಂಡರು. ಸುದ್ದಿ ಕೇಳಿದ ದಿನ ಅಪ್ಪಯ್ಯ ಮಧ್ಯಾಹ್ನದ ಊಟ ಮಾಡಲಿಲ್ಲ.

ರಾತ್ರಿ ಮನೆಯೆಲ್ಲ ಮಲಗಿದ ಮೇಲೆ ಅಪ್ಪಯ್ಯನ ಬಳಿ ಕುಳಿತರೆ ಆ ಬಿಲ್ಲೆಯ ಸದ್ದು ಕೇಳಿಸುತ್ತದೆ: ಟಿಕ್, ಟಿಕ್, ಟಿಕ್. ಮೊದಲ ತಿಂಗಳು ಅದರಿಂದಾಗಿ ಅಮ್ಮನಿಗೆ ನಿದ್ದೆ ಬರಲಿಲ್ಲ. ಈಗ ಅದು ಕೇಳಿಸದಿದ್ದರೆ ನಿದ್ದೆ ಬರುವುದಿಲ್ಲ. ಸದ್ದು ಸ್ಪಷ್ಟವಾಗಿದ್ದರೆ ಒಳ್ಳೆಯದು. ಮಂಕಾದರೆ, ಇಲ್ಲವೆ ಮಾಯವಾದರೆ ತಡಮಾಡದೆ ಬರಬೇಕೆಂದು ವೈದ್ಯರು ಅಂದೇ ಹೇಳಿದ್ದರು. ಅಮ್ಮ ಹದಿನೆಂಟು ವರ್ಷ ಆ ಒಂದು ಸದ್ದಿಗೆ ಕಿವಿಗೊಟ್ಟು ಬದುಕಿದವಳು. ಈ ಮಾತನ್ನು ಓದುಗರು ಸ್ವಲ್ಪ ನೆನಪಿನಲ್ಲಿಡಬೇಕು.

ಇನ್ನು ಗಾಡಿಯ ಕಥೆ. ೨೦೨೪ರ ಮೇ ತಿಂಗಳಲ್ಲಿ ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವ ಒಂದು ಗಾಡಿಯನ್ನು ಕೊಂಡೆವು. ಮಳೆಗಾಲದಲ್ಲಿ ಊರಿನ ಮನೆಗೆ ಹೋಗುವ ಕೊನೆಯ ಅರ್ಧ ಮೈಲಿ ಕೆಸರಿನಲ್ಲಿ ಹೂತುಹೋಗುವುದು ಸಾಕಾಗಿತ್ತು. ತಿಂಗಳೊಳಗೆ ಮೊದಲ ಗಾಬರಿ. ಮಗನು ಕುತೂಹಲದಿಂದ ನಾಲ್ಕು ಚಕ್ರದ ಲಿವರನ್ನು ಎಳೆದು, ಒಣ ಸಿಮೆಂಟು ಅಂಗಳದಲ್ಲಿ ಗಾಡಿಯನ್ನು ಗಿರ್ರನೆ ತಿರುಗಿಸಿದ. ಗೊರ್ ಗೊರ್ ಎಂದು ಸ್ಟೇರಿಂಗು ನಡುಗಿ, ಗಾಡಿ ಯಾರೋ ಹಿಂದಿನಿಂದ ಜಗ್ಗಿದಂತೆ ತಡವರಿಸಿತು. ಹೊಸ ಗಾಡಿ ಕೆಟ್ಟಿತೆಂದುಕೊಂಡೆವು. ಆದರೆ ಅದು ರೋಗವಲ್ಲ, ಗುಣ. ತಿರುಗುವಾಗ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕಬೇಕು. ಲಿವರು ಹಾಕಿದಾಗ ನಮ್ಮಂಥ ಗಾಡಿಯಲ್ಲಿ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಒಂದೇ ವೇಗದ ಗಂಟು ಬೀಳುತ್ತದೆ. ಕೆಸರಿನಲ್ಲಾದರೆ ಚಕ್ರ ಕೊಂಚ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ; ಒಣ ನೆಲದಲ್ಲಿ ಜಾರಲಾಗದೆ ಗಾಡಿ ಗೊಣಗುತ್ತದೆ. ಹಾಗೆಯೇ ಓಡಿಸಿದರೆ ಮಾತ್ರ ಒಳಗಿನ ಹಲ್ಲುಗಳಿಗೆ ಪೆಟ್ಟು. ಲಿವರು ಹಿಂದಕ್ಕೆ ಬಂತು, ಸದ್ದು ಹೋಯಿತು, ಮಗನಿಗೆ ಎರಡು ಮಾತು ಬಿತ್ತು.

ಎರಡನೆಯ ಸದ್ದು ಶುರುವಾದದ್ದು ಸೆಪ್ಟೆಂಬರಿನಲ್ಲಿ. ಇದಕ್ಕೂ ಲಿವರಿಗೂ ಸಂಬಂಧವಿಲ್ಲ. ನಿಧಾನವಾಗಿ ಗಾಡಿ ತಿರುಗಿಸುವಾಗ, ಪಾದದ ಹತ್ತಿರ ಎಲ್ಲೋ ‘ಕಟಕ್’ ಎಂದು ಒಂದೇ ಒಂದು ಸಲ. ಕೆಲವು ದಿನ ಇದೆ, ಕೆಲವು ದಿನ ಇಲ್ಲ. ಕೊಚ್ಚಿಯ ಒಂದು ವರ್ಕ್‌ಷಾಪಿಗೆ ಎರಡು ಸಲ ಒಯ್ದೆ. ಅಲ್ಲಿ ಕಾಲಿಟ್ಟೊಡನೆ ಗಾಡಿ, ಇನ್‌ಸ್ಪೆಕ್ಟರು ಬಂದಾಗ ಶಾಲೆಯ ಮಕ್ಕಳು ಕೂರುವಂತೆ ಸುಮ್ಮನಾಯಿತು. ಮೊದಲ ಸಲ “ಹೊಸ ಗಾಡಿ ಸಾರ್, ಓಡಿದಂತೆ ಸರಿಹೋಗುತ್ತದೆ” ಎಂದರು. ಎರಡನೆಯ ಸಲ ಗಾಡಿಯನ್ನು ತೊಳೆದು ಕೊಟ್ಟರು. ಕಾಗದದ ಮೇಲೆ ‘ದೋಷ ಕಂಡುಬಂದಿಲ್ಲ’ ಎಂದು ಬರೆದಿತ್ತು.

ಅಕ್ಟೋಬರ್ ಕೊನೆಯ ವಾರ ಅಪ್ಪಯ್ಯನ ತಪಾಸಣೆ. ಅಪ್ಪಯ್ಯ, ಅಮ್ಮ, ನಾನು ಮೂವರೇ ಹೊರಟೆವು. ಸುಮಾರು ಇನ್ನೂರು ಕಿಲೋಮೀಟರು. ಇದು ನಮ್ಮ ಊರಿನ ರಸ್ತೆಯೇ: ಪನ್ವೇಲಿನಿಂದ ಕಾರವಾರ, ಕುಂದಾಪುರ, ಮಂಗಳೂರು, ಕಾಸರಗೋಡುಗಳನ್ನು ಹಾಯ್ದು ಕನ್ಯಾಕುಮಾರಿಗೆ ಹೋಗುವ ೬೬ನೆಯ ಹೆದ್ದಾರಿ. ಅರೂರಿನಿಂದ ತುರವೂರಿನ ತನಕ ೧೨.೭೫ ಕಿಲೋಮೀಟರಿನ ಎತ್ತರದ ರಸ್ತೆ ಕಟ್ಟುವ ಕೆಲಸ ಆಗ ನಡೆಯುತ್ತಿತ್ತು. ಕೆಳಗೆ ಹೊಂಡಗಳ ನಡುವೆ ವಾಹನಗಳು ಬಸವನ ಹುಳುವಿನಂತೆ ತೆವಳುತ್ತಿದ್ದುವು. ಅಲ್ಲಿ ‘ಕಟಕ್’ ಮೂರು ಸಲ ಕೇಳಿತು. ೨೦೨೧ರಲ್ಲಿ ತೆರೆದ ಆಲಪ್ಪುಳದ ಬೈಪಾಸಿನಲ್ಲಿ ಬಲಗಡೆ ಸಮುದ್ರ ಕಂಡಾಗ ಎಲ್ಲವೂ ಮೌನ. ಅಪ್ಪಯ್ಯನಿಗೆ ಮರವಂತೆಯ ನೆನಪು. ಕೊಲ್ಲ, ಆಟ್ಟಿಂಗಲ್ ದಾಟಿ ತೋನ್ನಯ್ಕಲ್ ಸೇರಿದಾಗ ಮಹಾಕವಿ ಕುಮಾರನ್ ಆಶಾನರ ಸ್ಮಾರಕ. ೧೯೨೪ರಲ್ಲಿ ಪಲ್ಲನದ ಬಳಿ ದೋಣಿ ಮುಳುಗಿ ತೀರಿಕೊಂಡ ಕವಿ. ಕಳಕ್ಕೂಟ್ಟದಲ್ಲಿ ಬೈಪಾಸನ್ನು ಬಿಟ್ಟು, ಕಾರ್ಯವಟ್ಟಂ, ಶ್ರೀಕಾರ್ಯಂ ಹಾದುಹೋಗುವ ಹಳೆಯ ರಸ್ತೆ ಹಿಡಿದರೆ ಉಳ್ಳೂರು.

ಕೇರಳದಲ್ಲಿ ಉಳ್ಳೂರೆಂದರೆ ಊರಿಗಿಂತ ಮೊದಲು ಕವಿಯ ನೆನಪು. ಆಶಾನ್, ವಳ್ಳತ್ತೋಳ್, ಉಳ್ಳೂರ್ ಎಂದು ಮೂವರ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಉಳ್ಳೂರ್ ಎಸ್. ಪರಮೇಶ್ವರ ಅಯ್ಯರ್ (೧೮೭೭–೧೯೪೯) ತಿರುವಾಂಕೂರು ಸರ್ಕಾರದ ಅಧಿಕಾರಿಯಾಗಿದ್ದುಕೊಂಡೇ ‘ಉಮಾಕೇರಳಂ’ ಮಹಾಕಾವ್ಯವನ್ನೂ ಮಲಯಾಳ ಸಾಹಿತ್ಯದ ದೊಡ್ಡ ಚರಿತ್ರೆಯನ್ನೂ ಬರೆದರು. ಇಂದಿನ ಉಳ್ಳೂರಿನಲ್ಲಿ ಕಾವ್ಯಕ್ಕಿಂತ ಕಷಾಯದ ವಾಸನೆ ಹೆಚ್ಚು. ೧೯೫೧ರಲ್ಲಿ ಪಕ್ಕದಲ್ಲಿ ಮೆಡಿಕಲ್ ಕಾಲೇಜು ತೆರೆದ ಮೇಲೆ ಆಸುಪಾಸೆಲ್ಲ ಔಷಧಿ ಅಂಗಡಿ, ರಕ್ತಪರೀಕ್ಷೆಯ ಕೋಣೆ, ರೋಗಿಗಳ ಕಡೆಯವರು ಇಳಿದುಕೊಳ್ಳುವ ಲಾಡ್ಜು. ಫ್ಲಾಸ್ಕು ಹಿಡಿದು ನಡೆಯುವವರನ್ನು ನೋಡಿದರೆ ಸಾಕು, ಯಾರ ಮನೆಯಲ್ಲಿ ಚಿಂತೆ, ಯಾರ ಮನೆಯಲ್ಲಿ ಸಮಾಧಾನ ಎಂದು ಹೇಳಬಹುದು. ನಾವು ಹೋಟೆಲಿನಲ್ಲಿ ಆ ಊರಿನ ವಿಶೇಷವಾದ ದೋಸೆ, ರಸವಡೆ ತಿಂದು ಲಾಡ್ಜು ಸೇರಿದೆವು.

ಸಂಜೆ ಗುಡುಗು ಸಹಿತ ಮಳೆ ಬಂತು. ಮಲಯಾಳಿಗಳು ಇದನ್ನು ತುಲಾವರ್ಷವೆನ್ನುತ್ತಾರೆ. ಮಳೆ ನಿಂತ ಮೇಲೆ ಗಾಡಿಯನ್ನು ಸರಿಯಾಗಿ ನಿಲ್ಲಿಸಲು ಹಿಂದೆಮುಂದೆ ತಿರುಗಿಸಿದೆ, ಸದ್ದಿಲ್ಲ. ಮರುದಿನ ಬೆಳಿಗ್ಗೆ ಒಳ್ಳೆಯ ಬಿಸಿಲು. ಅದೇ ಅಂಗಳ, ಅದೇ ತಿರುವು, ‘ಕಟಕ್’. ಹಿಂದಿನ ಸೀಟಿನಲ್ಲಿದ್ದ ಅಮ್ಮ ತಟ್ಟನೆ ಅಂದಳು: “ನೆಲ ಚಂಡಿ ಇದ್ರೆ ಅದ್ ಕೂಗುದಿಲ್ಲ, ಕಾಣ್.” ಚಂಡಿ ಎಂದರೆ ನಮ್ಮ ಕಡೆ ಒದ್ದೆ.

ನಾನು ಹೌಹಾರಿದೆ. ಎರಡು ತಿಂಗಳು ನಾನು ಸದ್ದು ಎಲ್ಲಿ ಎಂದು ಹುಡುಕಿದ್ದೆ. ಅಮ್ಮ ಯಾವಾಗ ಎಂದು ಕೇಳಿಕೊಂಡಿದ್ದಳು. ಲೆಕ್ಕ ಹಾಕಿ ನೋಡಿದರೆ ಎಲ್ಲವೂ ತಾಳೆಯಾಯಿತು. ಮಳೆಯ ದಿನಗಳಲ್ಲಿ ಸದ್ದಿಲ್ಲ. ವರ್ಕ್‌ಷಾಪಿನ ನುಣುಪು ಸಿಮೆಂಟು ನೆಲವನ್ನು ಸದಾ ತೊಳೆಯುತ್ತಿದ್ದರು, ಅಲ್ಲಿಯೂ ಸದ್ದಿಲ್ಲ.

ತಪಾಸಣೆಗೆ ಇನ್ನೂ ಎರಡು ಗಂಟೆ ಸಮಯವಿತ್ತು. ಲಾಡ್ಜಿನವರು ಹತ್ತಿರದ ಇಳಿಜಾರಿನಲ್ಲಿ ಹಲಸಿನ ಮರದ ಕೆಳಗೆ ಗ್ಯಾರೇಜು ಇಟ್ಟಿದ್ದ ಒಬ್ಬ ಮುದುಕರನ್ನು ತೋರಿಸಿದರು. ಅಲ್ಲಿ ಕೆಲಸ ಕಲಿಯುವ ಹುಡುಗರು ಅವರನ್ನು ‘ಆಶಾನ್’ ಎಂದು ಕರೆಯುತ್ತಿದ್ದರು, ಎಂದರೆ ಗುರು. ಅಂತೂ ಉಳ್ಳೂರಿನಲ್ಲಿ ನಮಗೂ ಒಬ್ಬ ಆಶಾನ್ ದೊರೆತರು.

ಆಶಾನ್ ಮೊದಲು ಸ್ಪ್ಯಾನರು ತೆಗೆಯಲಿಲ್ಲ, ಪ್ರಶ್ನೆ ತೆಗೆದರು. ಸುಯ್ ಸುಯ್ ಎಂದು ಹಾರ್ನಿನ ಹತ್ತಿರ ಉಜ್ಜುವ ಸದ್ದೆ? ಹಾಗಿದ್ದರೆ ಸ್ಟೇರಿಂಗ್ ಚಕ್ರದೊಳಗಿನ ಸುರುಳಿ ತಂತಿಯ ಪೆಟ್ಟಿಗೆ. ಕೀಚ್ ಕೀಚ್ ಎಂದು ಕಾಲಿನ ಹತ್ತಿರವೆ? ಆಗ ಸ್ಟೇರಿಂಗ್ ಕಂಬ ನೆಲವನ್ನು ತೂರುವಲ್ಲಿ ಇರುವ ರಬ್ಬರು ಒಣಗಿರಬೇಕು. ಪೂರ್ತಿ ತಿರುಗಿಸಿ ಓಡಿಸುವಾಗ ಕಟ ಕಟ ಕಟ ಎಂದು ಚಕ್ರದ ವೇಗಕ್ಕೆ ತಕ್ಕ ಹಾಗೆ ಬರುತ್ತದೆಯೆ? ಅದು ಮುಂದಿನ ಅಚ್ಚಿನ ಕೀಲು. ನಿಂತಲ್ಲಿಯೇ, ಎಡಕ್ಕೆ ತಿರುಗಿಸಿದ ಕೈ ಬಲಕ್ಕೆ ಹೊರಳುವಾಗ ಒಂದೇ ಸಲ ಬರುತ್ತದೆಯೆ? ನನ್ನ ಹರಕು ಮಲಯಾಳದಲ್ಲಿ ಕೊನೆಯದಕ್ಕೆ ಹೌದೆಂದೆ. ಸದ್ದಿಗೆ ಭಾಷೆಯ ತೊಡಕಿಲ್ಲ. ‘ಕಟಕ್’ ಅವರಿಗೂ ‘ಕಟಕ್’ ಎಂದೇ ಕೇಳಿಸಿತು.

ಅಮ್ಮನ ಮಾತನ್ನು ಹೇಳಿದಾಗ ಆಶಾನ್ ತಲೆಯಾಡಿಸಿ ನಕ್ಕರು. ಗಾಡಿಯನ್ನು ಮರದ ಕೆಳಗಿನ ಒದ್ದೆ ಮಣ್ಣಿನಿಂದ ಒಣಗಿದ ಒರಟು ಜಲ್ಲಿ ನೆಲಕ್ಕೆ ತರಿಸಿದರು. ಒಣ ನೆಲ ಟಯರನ್ನು ಬಿಗಿಯಾಗಿ ಹಿಡಿಯುತ್ತದೆ. ಆಗ ಚಕ್ರ ಹೊರಳಿಸಲು ಹೆಚ್ಚು ಬಲ ಬೇಕು. ನಮ್ಮ ಗಾಡಿಯಲ್ಲಿ ಸ್ಟೇರಿಂಗಿಗೆ ಸಹಾಯ ಮಾಡುವ ಮೋಟಾರು ಕಂಬದ ಮೇಲಿದೆ. ಆದುದರಿಂದ ಆ ಬಲವೆಲ್ಲ ಕಂಬದ ಕೆಳಗಿನ ಕೀಲುಗಳ ಮೂಲಕವೇ ಹಾಯಬೇಕು. ಒದ್ದೆ, ನುಣುಪು ನೆಲದಲ್ಲಿ ಟಯರು ಸುಲಭವಾಗಿ ಜಾರುತ್ತದೆ, ಕೀಲಿಗೆ ಭಾರ ಬೀಳುವುದಿಲ್ಲ, ಸದ್ದೂ ಏಳುವುದಿಲ್ಲ. ಹ್ಯಾಂಡ್‌ಬ್ರೇಕು ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟು, ಹುಡುಗನೊಬ್ಬನು ಸ್ಟೇರಿಂಗನ್ನು ನಾಲ್ಕು ಬೆರಳಷ್ಟು ಮಾತ್ರ ಅತ್ತಿತ್ತ ಆಡಿಸಿದ. ಆಶಾನ್ ಕೆಳಗಿನಿಂದ ಒಂದೊಂದೇ ಕೀಲನ್ನು ಮುಟ್ಟುತ್ತ ಬಂದರು. ಮೂರನೆಯದರಲ್ಲಿ ಕೈ ನಿಂತಿತು. ನನ್ನ ಕೈಯನ್ನೂ ಅಲ್ಲಿಡಿಸಿದರು. ಕಂಬದ ಕೆಳಗಿನ ಕೀಲು ಸ್ಟೇರಿಂಗ್ ಪೆಟ್ಟಿಗೆಯ ಹಲ್ಲುದಂಡವನ್ನು ಕಚ್ಚಿಕೊಳ್ಳುವಲ್ಲಿ ‘ಕಟಕ್’ ಬೆರಳಿಗೆ ತಾಗಿತು. ಅದನ್ನು ಬಿಗಿಹಿಡಿಯಬೇಕಾದ ಬೋಲ್ಟು ಸಡಿಲವಾಗಿತ್ತು.

ಬಿಸಿಲಿನಲ್ಲಿಯೂ ನನ್ನ ಮೈ ತಣ್ಣಗಾಯಿತು. ಅಪ್ಪಯ್ಯ, ಅಮ್ಮ ಇಬ್ಬರನ್ನೂ ಕೂರಿಸಿಕೊಂಡು ಇನ್ನೂರು ಕಿಲೋಮೀಟರು ಬಂದಿದ್ದೆನಲ್ಲ!

“ಬಿಗಿ ಮಾಡಿಬಿಡಿ ಆಶಾನ್” ಎಂದೆ. ಅವರು ಒಪ್ಪಲಿಲ್ಲ. ಸಡಿಲವಾಗಿಯೇ ಇಷ್ಟು ಓಡಿದ್ದರಿಂದ ಒಳಗಿನ ಹಲ್ಲುಗಳು ಸವೆದಿರಬಹುದು, ಬಿಚ್ಚಿ ನೋಡಬೇಕು, ಹೊಸ ಬೋಲ್ಟು ಬೇಕು, ಎಷ್ಟು ಬಿಗಿಯಬೇಕೆಂಬ ಅಳತೆ ಕಂಪೆನಿಯವರ ಪುಸ್ತಕದಲ್ಲಿರುತ್ತದೆ, ಗಾಡಿ ಇನ್ನೂ ವಾರಂಟಿಯಲ್ಲಿದೆ. “ನಾನು ಈಗ ಬಿಗಿದರೆ ಸದ್ದು ಹೋಗುತ್ತದೆ, ರೋಗ ಉಳಿಯುತ್ತದೆ. ಸದ್ದು ಹೋದ ಗಾಡಿಯನ್ನು ಯಾರು ನಂಬುತ್ತಾರೆ?” ಎಂದರು. ಸದ್ದು ಬರುವುದನ್ನು ನನ್ನ ಫೋನಿನಲ್ಲಿ ಹಿಡಿದುಕೊಟ್ಟು, ಯಾವ ನೆಲ, ಯಾವ ತಿರುವು ಎಂದು ಚೀಟಿಯಲ್ಲಿ ಬರೆಸಿದರು. ಹಣ ಕೊಡಹೋದರೆ ಚಹಕ್ಕೆ ಸಾಕು ಎಂದು ಐವತ್ತು ರೂಪಾಯಿ ತೆಗೆದುಕೊಂಡರು.

ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ವೈದ್ಯರು ಅಪ್ಪಯ್ಯನನ್ನೂ ಹಾಗೆಯೇ ಕೇಳಿದರು: ಮೆಟ್ಟಿಲು ಹತ್ತುವಾಗ ಉಸಿರು ಹೇಗೆ, ರಾತ್ರಿ ಹೇಗೆ, ರಕ್ತ ತೆಳುವಾಗಿಸುವ ಗುಳಿಗೆ ತಪ್ಪಿದೆಯೆ? ಆಮೇಲೆ ಸ್ಟೆತಾಸ್ಕೋಪು ಇಟ್ಟರು. ಆ ನಿಮಿಷ ಅಮ್ಮ ಎಂದಿನಂತೆ ಕಣ್ಣು ಮುಚ್ಚಿದ್ದಳು. “ಕವಾಟದ ಸದ್ದು ಚೆನ್ನಾಗಿದೆ” ಎಂದಾಗ ಕಣ್ಣು ತೆರೆದಳು.

ಕಂಪೆನಿಯ ಸೇವಾಕೇಂದ್ರದವರು ಮಧ್ಯಾಹ್ನ ಲಾರಿ ತಂದು ಗಾಡಿಯನ್ನು ಎತ್ತಿಕೊಂಡು ಹೋದರು. ನಾವು ಸಂಜೆಯ ರೈಲಿನಲ್ಲಿ ಎರ್ನಾಕುಳಕ್ಕೆ ಮರಳಿದೆವು. ವಾರದ ಮೇಲೆ ಫೋನು ಬಂತು: ಹಲ್ಲು ಸವೆದಿತ್ತು, ಕೀಲಿನ ದಂಡವನ್ನೇ ಬದಲಾಯಿಸಿದ್ದಾರೆ, ಖರ್ಚಿಲ್ಲ. ಒಬ್ಬನೇ ಹೋಗಿ ತಂದೆ. ದಾರಿಯಲ್ಲಿ ಒಣ ನೆಲ ಕಂಡಲ್ಲೆಲ್ಲ ನಿಲ್ಲಿಸಿ, ಅತ್ತಿತ್ತ ತಿರುಗಿಸಿ ಕಿವಿಗೊಟ್ಟೆ. ಏನೂ ಇಲ್ಲ.

ನಮ್ಮ ಸಂಘದ ಎಷ್ಟೋ ಮನೆಗಳವರು ರಜೆ ಬಂತೆಂದರೆ ಮಕ್ಕಳನ್ನೂ ಹಿರಿಯರನ್ನೂ ಕೂರಿಸಿಕೊಂಡು ಊರಿನ ರಸ್ತೆ ಹಿಡಿಯುವವರು. ಅವರಿಗೆ ಒಂದು ಮಾತು. ಸ್ಟೇರಿಂಗಿನ ಸದ್ದನ್ನು ‘ಹೊಸ ಗಾಡಿ ತಾನೆ’ ಎಂದು ತಳ್ಳಿಹಾಕಬೇಡಿ. ಬಂದಾಗ ಮಾತ್ರವಲ್ಲ, ಬಾರದಿದ್ದಾಗಲೂ ಬರೆದಿಡಿ: ನೆಲ ಎಂಥದು, ಮಳೆಯೊ ಬಿಸಿಲೊ, ನಿಂತಿತ್ತೊ ಓಡುತ್ತಿತ್ತೊ. ಸ್ಟೇರಿಂಗು ಬಿಗಿಯಾದರೆ, ಅಥವಾ ಕೈ ತಿರುಗಿಸಿದರೂ ಚಕ್ರ ತಡವಾಗಿ ತಿರುಗಿದರೆ, ಅಲ್ಲಿಯೇ ನಿಲ್ಲಿಸಿ. ‘ದೋಷ ಕಂಡುಬಂದಿಲ್ಲ’ ಎಂಬ ಕಾಗದಕ್ಕೆ, ದೋಷ ಇಲ್ಲವೆಂದು ಅರ್ಥವಲ್ಲ.

ಈ ಬಾರಿ ಊರಿಗೆ ಫೋನು ಮಾಡಿದಾಗ ಚಿಕ್ಕಮ್ಮ ಎಂದಿನಂತೆ ಕೇಳಿದರು, “ಉಳ್ಳೂರಲ್ಲಿ ಎಂತ ವಿಶೇಷ?” ಅಮ್ಮ ನನ್ನ ಕೈಯಿಂದ ಫೋನು ತೆಗೆದುಕೊಂಡು, “ಎರಡು ತಪಾಸಣೆ ಆಯ್ತು. ಒಂದು ಸದ್ದು ಉಳೀತು, ಒಂದು ಹೋಯ್ತು” ಎಂದಳು.