ಕಾಯುವಿಕೆಯ ಲೆಕ್ಕ

ಗಣಕಯಂತ್ರಗಳ ಕಾರ್ಯವೇಗವನ್ನು ಕುರಿತು ವಿದ್ಯಾರ್ಥಿಗಳು ಪ್ರಬಂಧ ಮಂಡಿಸುವ ಸಭೆಯಲ್ಲಿ ನನ್ನಂಥ ಸಾಹಿತ್ಯದ ಮನುಷ್ಯ ಕುಳಿತರೆ ಏನು ದಕ್ಕೀತು ಎಂದು ನೀವು ಕೇಳಬಹುದು. ದಕ್ಕುತ್ತದೆ. ಯಂತ್ರದ ಒಳಗುಟ್ಟು ಏನೇ ಇರಲಿ, ಅಲ್ಲಿಯ ಚರ್ಚೆಯೆಲ್ಲ ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಯಾರು, ಎಷ್ಟು ಹೊತ್ತು ಕಾಯಬೇಕು? ಪಡಿತರ ಅಂಗಡಿಯ ಮುಂದೆ ನಿಂತು ಬಲ್ಲವರಿಗೆ ಇದು ಹೊಸ ಪ್ರಶ್ನೆಯಲ್ಲ.

ಈ ವಿದ್ಯೆಯ ಹಿರಿಯರಲ್ಲೊಬ್ಬರು ಅಮೆರಿಕದ ಆಲನ್ ಶೆರ್. ಒಂದೇ ಯಂತ್ರವನ್ನು ಅನೇಕರು ಹಂಚಿಕೊಂಡಾಗ ಪ್ರತಿಯೊಬ್ಬರೂ ಎಷ್ಟು ಕಾಯಬೇಕಾಗುತ್ತದೆ ಎಂಬುದನ್ನು ಅಳೆದು, 1965ರಲ್ಲಿ ಎಂ.ಐ.ಟಿ.ಗೆ ಮಹಾಪ್ರಬಂಧವನ್ನು ಒಪ್ಪಿಸಿದರು. ಅವರಿಗೆ ಯಂತ್ರದ ಮೇಲೆ ಸಿಗುತ್ತಿದ್ದುದು ವಾರಕ್ಕೆ 4 ಗಂಟೆ ಮಾತ್ರ. ಅದು ಸಾಲದೆ, 1962ರಲ್ಲಿ ಎಲ್ಲರ ಗುಪ್ತಪದಗಳ ಪಟ್ಟಿಯನ್ನೇ ಉಪಾಯದಿಂದ ಅಚ್ಚು ಹಾಕಿಸಿಕೊಂಡರಂತೆ! ಕಾಯುವಿಕೆಯನ್ನು ಅಳೆಯ ಹೊರಟವರಿಗೂ ಕಾಯುವುದು ಕಷ್ಟವೇ.

ಈಚೆಗೆ ಬೆಂಗಳೂರಿನ ಕಾಲೇಜೊಂದರಲ್ಲಿ ಸ್ನೇಹಿತರ ಮಗಳು ಎಂ.ಟೆಕ್. ಪ್ರಬಂಧ ಮಂಡಿಸಲಿದ್ದಳೆಂದು ಹೋಗಿದ್ದೆ. ಅವಳಿಗಿಂತ ಮೊದಲು ಬಂದ ಹುಡುಗ ಚುರುಕಿನವನು. ಬಣ್ಣಬಣ್ಣದ ನಕ್ಷೆಗಳನ್ನು ಪರದೆಯ ಮೇಲೆ ಮೂಡಿಸಿ, ತನ್ನ ವಿಧಾನದಿಂದ ಸರಾಸರಿ ಕಾಯುವ ಕಾಲ ಇಳಿಯಿತೆಂದು ತೋರಿಸಿದ. ವೃದ್ಧ ಪರೀಕ್ಷಕರೊಬ್ಬರು ಮೆಲ್ಲಗೆ ಕೇಳಿದರು: “ಸರಾಸರಿ ಸರಿಯಪ್ಪ. ಎಲ್ಲರಿಗಿಂತ ಹೆಚ್ಚು ಕಾದವನ ಗತಿ ಏನಾಯಿತು?”

“ಅದನ್ನು ಬೇರೆಯಾಗಿ ಅಳೆಯಲಿಲ್ಲ, ಸಾರ್.”

ಪರೀಕ್ಷಕರು ಎದ್ದು ಹಲಗೆಯ ಮೇಲೆ ಲೆಕ್ಕ ಬರೆದರು. ಒಂದು ಯಂತ್ರ ನೂರರಲ್ಲಿ 99 ಕೋರಿಕೆಗಳಿಗೆ ಸೆಕೆಂಡಿನ ನೂರನೆಯ ಒಂದು ಪಾಲಿನಲ್ಲಿ ಉತ್ತರ ಕೊಡುತ್ತದೆ. ಒಂದಕ್ಕೆ ಮಾತ್ರ ಪೂರ್ತಿ ಒಂದು ಸೆಕೆಂಡು ಹಿಡಿಯುತ್ತದೆ. ಸರಾಸರಿ ತೆಗೆದರೆ ಸೆಕೆಂಡಿನ ಐವತ್ತನೆಯ ಒಂದು ಪಾಲು, ಸೊಗಸಾಗಿಯೇ ಇದೆ. ಆದರೆ ಒಬ್ಬನ ಪ್ರಶ್ನೆಗೆ ಅಂಥ ನೂರು ಯಂತ್ರಗಳು ಕೂಡಿ ಉತ್ತರ ಹೆಣೆಯಬೇಕಾದರೆ? ಮದುವೆಯ ಪಂಕ್ತಿಯಲ್ಲಿ ಕೊನೆಯ ಎಲೆಗೆ ಬಡಿಸಿ ಮುಗಿಯುವ ತನಕ ಮೊದಲ ಎಲೆಯವರು ಕೈಯಿಡದೆ ಕುಳಿತಿರುವುದಿಲ್ಲವೆ, ಹಾಗೆ. ಆಗ ನೂರಕ್ಕೆ 63 ಮಂದಿ ಆ ಪೂರ್ತಿ ಸೆಕೆಂಡನ್ನು ಕಾಯುತ್ತಾರೆ. ಗೂಗಲ್ ಸಂಸ್ಥೆಯ ಜೆಫ್ ಡೀನ್ ಮತ್ತು ಲೂಯಿಸ್ ಬರೋಸೊ 2013ರಲ್ಲಿ ಪ್ರಕಟಿಸಿದ ಲೇಖನದ ಲೆಕ್ಕ ಇದು. ಹುಡುಗ ಪೆಚ್ಚಾದನಾದರೂ ಶ್ರದ್ಧೆಯಿಂದ ಬರೆದುಕೊಂಡ.

ಆಮೇಲೆ ನಮ್ಮ ಹುಡುಗಿ. ಯಂತ್ರವನ್ನು ಬಿಡುವಿಲ್ಲದೆ ದುಡಿಸುವುದು ಅವಳ ವಿಧಾನದ ಗುರಿ. ದಟ್ಟಣೆ ಏರಿದಾಗ ಆ ವಿಧಾನ ಹಳೆಯದಕ್ಕಿಂತ ಹಿಂದೆ ಬಿದ್ದಿತ್ತು. ಆ ನಕ್ಷೆಯನ್ನೇ ಅವಳು ಮೊದಲು ತೋರಿಸಿದಳು. ಕಾರಣವನ್ನೂ ಬಿಡಿಸಿ ಹೇಳಿದಳು. ಕೆಲಸಗಳು ಹೊತ್ತುಗೊತ್ತಿಲ್ಲದೆ ಬರುವ ಸಾಲಿನ ಸರಳ ಲೆಕ್ಕದಂತೆ, ಯಂತ್ರ ಅರ್ಧ ಹೊತ್ತು ದುಡಿದರೆ ಒಂದು ಕೆಲಸ ಮುಗಿಯಲು ನಿಜವಾಗಿ ಬೇಕಾದುದರ ಎರಡರಷ್ಟು ಕಾಲ ಹಿಡಿಯುತ್ತದೆ. ನೂರಕ್ಕೆ 90 ಪಾಲು ದುಡಿದರೆ ಹತ್ತರಷ್ಟು. 99 ಪಾಲು ದುಡಿದರೆ ನೂರರಷ್ಟು. ಯಂತ್ರದ ಒಡೆಯನಿಗೆ ಸೋಮಾರಿತನವಾಗಿ ಕಾಣುವ ಬಿಡುವೇ ಸಾಲಿನಲ್ಲಿ ನಿಂತವನ ಪಾಲಿನ ಪುಣ್ಯ!

“ಹಾಗಾದರೆ ಸಾಧಿಸಿದ್ದೇನು?” ಎಂದು ಇನ್ನೊಬ್ಬ ಪರೀಕ್ಷಕರು ಗೊಣಗಿದರು. ಎರಡು ವರ್ಷದ ದುಡಿಮೆ ಆ ಒಂದು ಮಾತಿನ ಮೇಲೆ ತೂಗುತ್ತಿತ್ತು. ಹುಡುಗಿಯ ಮುಖ ಬಿಳಿಚಿತು. ನನಗಂತೂ ಸಿಟ್ಟೇ ಬಂತು.

ವೃದ್ಧರು ಮುಂದೆ ಬಾಗಿದರು. “ಈ ನಕ್ಷೆ ಪ್ರಬಂಧದಲ್ಲೂ ಇದೆಯೇನಮ್ಮ?”

“ಇದೆ ಸಾರ್, ನಾಲ್ಕನೆಯ ಅಧ್ಯಾಯದಲ್ಲಿ.”

ಅವರು ಆ ಪುಟ ತೆರೆದು, ಕನ್ನಡಕ ಏರಿಸಿ, ಮೊದಲಿನಿಂದ ಓದತೊಡಗಿದರು. ಅವರು ಓದಿ ಮುಗಿಸುವ ತನಕ ಸಭೆಯೆಲ್ಲ ಕಾಯಿತು.