ಶಿಕಾಗೋ ನಗರದ ದಕ್ಷಿಣ ಕೇರಿ

ಅಮೆರಿಕೆಗೆ ಹೋಗಿಬಂದವರು ಅಲ್ಲಿಯ ಗಗನಚುಂಬಿ ಸೌಧಗಳನ್ನೂ ಜಲಪಾತಗಳನ್ನೂ ವರ್ಣಿಸುವುದುಂಟು. ಅವನ್ನು ನಾನೂ ನೋಡಿದೆನು. ಆದರೆ ವಾಚಕ ಸೋದರಿಯರಿಗೆ ಇಂದು ಹೇಳಬೇಕೆಂದಿರುವುದು ಶಿಕಾಗೋ ನಗರದ ದಕ್ಷಿಣ ಭಾಗದ ಒಂದು ಕೇಶಾಲಂಕಾರದ ಅಂಗಡಿಯ ಸಂಗತಿ.

ನನ್ನ ಮಗನು ಆ ನಗರದಲ್ಲಿ ನೆಲಸಿ ಇಪ್ಪತ್ತು ವರ್ಷಗಳ ಮೇಲಾಯಿತು. ಸೊಸೆಯು ಅಲ್ಲಿಯೇ ಹುಟ್ಟಿ ಬೆಳೆದವಳು. ಆಫ್ರಿಕಾ ಮೂಲದ ಅಮೆರಿಕನ್ ಮನೆತನದವಳು. ಮೊಮ್ಮಗಳಿಗೆ ಹದಿನಾರು ವರ್ಷ. ಕಣ್ಣು ತಂದೆಯದು, ಕೂದಲು ತಾಯಿಯದು. ಒಂದೊಂದು ಎಳೆಯೂ ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡಿರುವುದು. ನಾನು ಹೋದ ಮೂರನೆಯ ದಿನ ಅವಳನ್ನು ಮುಂದೆ ಕೂರಿಸಿಕೊಂಡು, ಊರಿನಿಂದ ಒಯ್ದಿದ್ದ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚತೊಡಗಿದೆನು. ಬಾಚಣಿಗೆಯ ಎರಡು ಹಲ್ಲು ಮುರಿದುವು. “ಸ್ವಲ್ಪ ನೆಟ್ಟಗಿದ್ದಿದ್ದರೆ ಅತ್ತೆಯ ಮದುವೆಯಲ್ಲಿ ಜಡೆ ಹೆಣೆದು ಮಲ್ಲಿಗೆ ಮುಡಿಸಬಹುದಾಗಿತ್ತಲ್ಲ ಮಗೂ” ಎಂದೆನು. ಹುಡುಗಿ ಏನೂ ಹೇಳಲಿಲ್ಲ. ಮರುದಿನ ತನ್ನ ಕೂದಲನ್ನು ಸಡಿಲಿಸಿಕೊಳ್ಳಲೇಬೇಕೆಂದು ತಾಯಿಯೊಡನೆ ಹಠ ಹಿಡಿದಳು. ಆ ಹಠದ ಬೀಜವನ್ನು ಬಿತ್ತಿದವಳು ನಾನೇ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಶನಿವಾರ ಮೂವರೂ ಹೊರಟೆವು. ಸೊಸೆಯು ಕಾರು ನಡೆಸುತ್ತಿದ್ದಳು. ಕಿಂಗ್ ಡ್ರೈವ್ ಎಂಬ ವಿಶಾಲವಾದ ಬೀದಿ; 1968ರವರೆಗೆ ಅದರ ಹೆಸರು ಸೌತ್ ಪಾರ್ಕ್‌ವೇ. ಬೀದಿಯ ಆರಂಭದಲ್ಲಿಯೇ ಒಂದು ಕಂಚಿನ ಪ್ರತಿಮೆ ಇದೆ. ಕೈಯಲ್ಲಿ ಹಗ್ಗ ಕಟ್ಟಿದ ಪೆಟ್ಟಿಗೆ ಹಿಡಿದು ಉತ್ತರಕ್ಕೆ ಮುಖಮಾಡಿ ನಿಂತ ಮನುಷ್ಯ. ಹತ್ತಿರ ಹೋಗಿ ನೋಡಿದರೆ ಅವನ ಉಡುಪೆಲ್ಲವೂ ಸವೆದು ತೂತುಬಿದ್ದ ಪಾದರಕ್ಷೆಯ ಅಟ್ಟೆಗಳು! 1916ರಿಂದ 1970ರವರೆಗೆ ದಕ್ಷಿಣ ರಾಜ್ಯಗಳ ದಬ್ಬಾಳಿಕೆಯನ್ನು ತಾಳಲಾರದೆ ಐದು ಲಕ್ಷಕ್ಕೂ ಹೆಚ್ಚು ಕರಿಯ ಜನರು ಈ ನಗರಕ್ಕೆ ಬಂದರಂತೆ. “ನಮ್ಮ ಮುತ್ತಜ್ಜಿ ಬಂದದ್ದೂ ಹೀಗೆಯೇ ಅತ್ತೆ” ಎಂದಳು ಸೊಸೆ.

ಹಾಗೆ ಬಂದವರಿಗೆ ಕೆಲಸ ಬೇಕಾಗಿದ್ದಿತು. ಕೆಲಸ ಕೊಡುವವರು ಬಿಳಿಯರು. ಅವರ ಕಣ್ಣಿಗೆ ನೆಟ್ಟನೆಯ ಕೂದಲೇ ಸಭ್ಯತೆ. ಆದುದರಿಂದ ಈ ಕೇರಿಯಲ್ಲಿ ಕೂದಲಿನ ವಿದ್ಯೆಯು ಒಂದು ದೊಡ್ಡ ಉದ್ಯೋಗವಾಗಿ ಬೆಳೆಯಿತು. ಅದೇ ಬೀದಿಯಲ್ಲಿ 44ನೆಯ ಅಡ್ಡಬೀದಿಯ ಬಳಿ, ಆನಿ ಮಲೋನ್ ಎಂಬ ಸಾಹಸಿ ಮಹಿಳೆಯು 1930ರಲ್ಲಿ ಸೇಂಟ್ ಲೂಯಿ ನಗರದಿಂದ ತನ್ನ ಪೋರೋ ಕಾಲೇಜನ್ನು ತಂದು ನಿಲ್ಲಿಸಿದಳು. ಕೇಶವಿದ್ಯೆಯನ್ನು ಕಲಿತ ಸಾವಿರಾರು ಹೆಂಗಸರು ಅದರಿಂದ ಸ್ವಂತ ಕಾಲಿನ ಮೇಲೆ ನಿಂತರು.

ಆ ಕಾಲದಲ್ಲಿ ಹೆಂಗಸರು ಕಾಯಿಸಿದ ಬಾಚಣಿಗೆಯಿಂದ ಕೂದಲನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ನೀರು ಸೋಕಿದೊಡನೆ ಅದು ಮತ್ತೆ ಸುರುಳಿಯಾಗುವುದು. ಗಂಡಸರ ಪಾಡು ಇನ್ನೂ ಕಠಿಣ. ಕಾಸ್ಟಿಕ್ ಸೋಡಾಕ್ಕೆ ಮೊಟ್ಟೆಯನ್ನೂ ಆಲೂಗಡ್ಡೆಯನ್ನೂ ಕಲಸಿ ತಲೆಗೆ ಹಚ್ಚಿಕೊಳ್ಳುವರು. ನೆತ್ತಿ ಸುಡುವುದನ್ನು ಹಲ್ಲುಕಚ್ಚಿ ಸಹಿಸುವರು. ಮಾಲ್ಕಂ ಎಕ್ಸ್ ಎಂಬ ಪ್ರಸಿದ್ಧ ನಾಯಕರು 1965ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಈ ಉರಿಯನ್ನೂ, ಆ ಬಳಿಕ ತಮಗಾದ ನಾಚಿಕೆಯನ್ನೂ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಈ ಉರಿಯನ್ನು ತಗ್ಗಿಸಲೆಳಸಿದವರಲ್ಲಿ ಒಬ್ಬರು ಇದೇ ಶಿಕಾಗೋದ ಜಾರ್ಜ್ ಜಾನ್ಸನ್. ವ್ಯಾಪಾರಕ್ಕೆಂದು ಕೇಳಿದಾಗ ಸಾಲ ಹುಟ್ಟಲಿಲ್ಲ. ಪ್ರವಾಸಕ್ಕೆಂದು ಕೇಳಿದಾಗ 250 ಡಾಲರು ಹುಟ್ಟಿತು! ಅದರಿಂದ 1954ರಲ್ಲಿ ಗಂಡಸರಿಗಾಗಿ ಒಂದು ಲೇಪವನ್ನೂ, 1957ರಲ್ಲಿ ‘ಅಲ್ಟ್ರಾ ಶೀನ್’ ಎಂಬ ಹೆಸರಿನಿಂದ ಹೆಂಗಸರಿಗೆ ಬೇಕಾದುದನ್ನೂ ಹೊರತಂದರು. 1971ರಲ್ಲಿ ಆ ಸಂಸ್ಥೆಯು ಅಮೆರಿಕನ್ ಷೇರುಪೇಟೆಯನ್ನು ಸೇರಿತು. ಕರಿಯರ ಒಡೆತನದ ಸಂಸ್ಥೆಗಳಲ್ಲಿ ಅದೇ ಮೊದಲನೆಯದು.

ಅಂಗಡಿಯನ್ನು ತಲಪುವಷ್ಟರಲ್ಲಿ ಹನ್ನೊಂದು ಗಂಟೆ. ಒಳಗೆ ನಮ್ಮೂರ ಬಾವಿಕಟ್ಟೆಯ ಸಡಗರ. ಯಜಮಾನಿತಿಯು ಅರುವತ್ತು ದಾಟಿದ ಗಟ್ಟಿಗಿತ್ತಿ. ನಾನು ಏನೂ ಅರಿಯದವಳೆಂದು ಕಂಡು, ಕೆಲಸದ ಮರ್ಮವನ್ನು ಬಿಡಿಸಿ ಹೇಳಿದಳು. ಕೂದಲು ಕೆರಟಿನ್ ಎಂಬ ಪದಾರ್ಥದಿಂದಾದುದು. ಅದರೊಳಗೆ ಗಂಧಕದ ಬಂಧಗಳು ಏಣಿಯ ಮೆಟ್ಟಿಲುಗಳಂತೆ ಇದ್ದು ಸುರುಳಿಯನ್ನು ಹಿಡಿದಿಟ್ಟಿರುತ್ತವೆ. ತೀಕ್ಷ್ಣವಾದ ಕ್ಷಾರವು ಈ ಬಂಧಗಳನ್ನು ಮುರಿಯುತ್ತದೆ. ಪೂರ್ತಿ ಹೊತ್ತು ಬಿಟ್ಟರೆ ಕೂದಲು ನೆಟ್ಟಗಾಗುವುದು, ಇದು ರಿಲ್ಯಾಕ್ಸರ್. ಅದೇ ಲೇಪವನ್ನು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತೊಳೆದುಬಿಟ್ಟರೆ ಸುರುಳಿಯು ಅಳಿಯದೆ ಸಡಿಲಾಗಿ ನಿಲ್ಲುವುದು; ಇದು ಟೆಕ್ಸ್ಚರೈಸರ್. “ಇದರಲ್ಲಿ ಔಷಧಿಗಿಂತ ಗಡಿಯಾರವೇ ದೊಡ್ಡದು” ಎಂದಳು ಆಕೆ.

ಕಾಸ್ಟಿಕ್ ಸೋಡಾ ಇಲ್ಲದ ಲೇಪಗಳೂ ಉಂಟು. ಅವುಗಳಲ್ಲೊಂದರಲ್ಲಿ ಬೆರೆಸುವುದು ನಾವು ಎಲೆಗೆ ಹಚ್ಚುವ ಅರಳಿದ ಸುಣ್ಣವನ್ನೇ, ಗ್ವಾನಿಡಿನ್ ಎಂಬ ಇನ್ನೊಂದು ವಸ್ತುವಿನೊಡನೆ. ಹಾಗೆಂದು ಅದು ನಿರುಪದ್ರವಿಯಲ್ಲ. ಬೆರೆತಾಗ ಅದೂ ತೀಕ್ಷ್ಣವಾದ ಕ್ಷಾರವೇ, ಕೂದಲನ್ನು ಒಣಗಿಸುವುದು. ಥಯೋಗ್ಲೈಕೊಲೇಟ್ ಎಂಬುದರ ಲೇಪವು ಬೇರೊಂದು ಜಾತಿ. ಒಂದು ಜಾತಿಯನ್ನು ಹಚ್ಚಿದ ಕೂದಲಿಗೆ ಇನ್ನೊಂದನ್ನು ಹಚ್ಚಿದರೆ ಕೂದಲು ತುಂಡುತುಂಡಾಗಿ ಉದುರುವುದು. ಕ್ಷಾರದಿಂದ ಮುರಿದ ಬಂಧವು ಮರಳಿ ಬೆಸೆಯದು. ಬುಡದಿಂದ ಹೊಸದಾಗಿ ಬರುವ ಕೂದಲು ಮಾತ್ರ ಮೊದಲಿನ ಸುರುಳಿಯದೇ. ತಿಂಗಳಿಗೆ ಅರ್ಧ ಅಂಗುಲದಂತೆ ಅದು ಬೆಳೆಯುವುದರಿಂದ, ಎರಡು ಮೂರು ತಿಂಗಳಿಗೊಮ್ಮೆ ಬುಡಕ್ಕೆ ಮತ್ತೆ ಹಚ್ಚಬೇಕು.

ಮತ್ತೊಂದು ವಿಷಯವನ್ನೂ ಆಕೆ ಬಚ್ಚಿಡಲಿಲ್ಲ. 2022ರಲ್ಲಿ ಮೂವತ್ತಮೂರು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಕುರಿತ ಒಂದು ಸಂಶೋಧನೆ ಪ್ರಕಟವಾಯಿತು. ಕೂದಲು ನೆಟ್ಟಗೆ ಮಾಡುವ ಪದಾರ್ಥಗಳನ್ನು ವರ್ಷಕ್ಕೆ ನಾಲ್ಕು ಬಾರಿಗಿಂತ ಹೆಚ್ಚು ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರು ಹೆಚ್ಚಾಗಿ ಕಂಡಿತು. ಎಪ್ಪತ್ತು ವರ್ಷದೊಳಗೆ ಆ ರೋಗ ಬರುವ ಸಂಭವವು ಬಳಸದವರಿಗೆ ನೂರಕ್ಕೆ 1.64, ಹೀಗೆ ಬಳಸುವವರಿಗೆ 4.05. ಬಳಕೆಯೇ ಕಾರಣವೆಂದು ಇದರಿಂದ ಸಿದ್ಧವಾಗದು. ಆದರೂ ಅಲಕ್ಷಿಸತಕ್ಕ ಮಾತಲ್ಲ. “ನನ್ನ ಅನ್ನ ಇದರಿಂದಲೇ. ಆದರೂ ಹೇಳುವುದು ನನ್ನ ಧರ್ಮ” ಎಂದಳು. ಸೊಸೆಯು ಸುಮ್ಮನೆ ಕೇಳುತ್ತಿದ್ದಳು. ಅವಳೂ ಹದಿನೈದು ವರ್ಷ ಬಳಸಿ ಬಿಟ್ಟವಳು.

ಬಳಿಕ ಆಕೆ ಮೊಮ್ಮಗಳ ಕೂದಲನ್ನು ಭಾಗಭಾಗವಾಗಿ ಬಿಡಿಸಿ ನೆತ್ತಿಯನ್ನು ಪರೀಕ್ಷಿಸಿದಳು. ಕೈ ತಟ್ಟನೆ ನಿಂತಿತು. “ಇಲ್ಲಿ ಗೀರುಗಳಿವೆ. ಹಸಿಯಾದ ಚರ್ಮಕ್ಕೆ ಕ್ಷಾರ ಸೋಕಿದರೆ ಸುಟ್ಟ ಗಾಯವಾಗುತ್ತದೆ. ಇಂದು ನಾನು ಮಾಡಲಾರೆ. ಯಾರು ಹೀಗೆ ಬಾಚಿದವರು?” ಎಂದು ಕೇಳಿದಳು.

ಹುಡುಗಿ ತಲೆ ತಗ್ಗಿಸಿದಳೇ ಹೊರತು ನನ್ನ ಹೆಸರನ್ನು ಹೇಳಲಿಲ್ಲ. ನಾನೇ “ನಾನು” ಎಂದೆನು.

ಆಗ ನನಗೆ ಯಲ್ಲಾಪುರದ ನಮ್ಮ ಶಾಲೆ ನೆನಪಾಯಿತು. ನನ್ನ ಮುಂದಿನ ಸಾಲಿನಲ್ಲಿ ಒಬ್ಬ ಸಿದ್ದಿ ಹುಡುಗಿ ಕೂರುತ್ತಿದ್ದಳು. ಅವಳ ಪೂರ್ವಿಕರೂ ಆಫ್ರಿಕೆಯಿಂದ ಬಂದವರೇ. ಅವಳ ಕೂದಲಿಗೆ ಬಳಪದ ಕಡ್ಡಿ ಸಿಕ್ಕಿಸಿ, ಬೀಳುವುದೋ ಇಲ್ಲವೋ ಎಂದು ನಾವು ನಗುತ್ತಿದ್ದೆವು. ಅವಳೂ ಹೀಗೆಯೇ ತಲೆ ತಗ್ಗಿಸುತ್ತಿದ್ದಳು. ಎರಡು ವರ್ಷದ ಬಳಿಕ ಶಾಲೆಗೆ ಬರುವುದನ್ನೇ ಬಿಟ್ಟಳು. ಐವತ್ತು ವರ್ಷ ನಾನು ಅವಳನ್ನು ನೆನೆದವಳಲ್ಲ.

ಯಜಮಾನಿತಿಯು ನನ್ನನ್ನು ಗದರಿಸಲಿಲ್ಲ. ಕೈಗೆ ಅಗಲ ಹಲ್ಲಿನ ಬಾಚಣಿಗೆಯನ್ನು ಕೊಟ್ಟು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಒಣಗೂದಲನ್ನು ಬಾಚಬಾರದು, ಒದ್ದೆಮಾಡಿ, ಕಂಡೀಶನರ್ ಹಚ್ಚಿ, ಮೊದಲು ತುದಿಯ ಸಿಕ್ಕು ಬಿಡಿಸಿ, ಮೆಲ್ಲಮೆಲ್ಲನೆ ಬುಡದತ್ತ ಏರಬೇಕು. ನಾನು ಅರುವತ್ತೆರಡನೆಯ ವಯಸ್ಸಿನಲ್ಲಿ ತಲೆಬಾಚುವುದನ್ನು ಕಲಿತೆನು. ಒಂದೂವರೆ ಗಂಟೆ ಹಿಡಿಯಿತು. ನಡುವೆ ಹುಡುಗಿ ಕಣ್ಣು ಮುಚ್ಚಿ ನನ್ನ ಕೈಗೆ ತಲೆಯೊರಗಿಸಿದಳು.

“ಎರಡು ವಾರ ಕಳೆದು, ನಿನಗೇ ಬೇಕೆನಿಸಿದರೆ ಬಾ. ಬೇರೆಯವರಿಗಾಗಿ ಬರಬೇಡ” ಎಂದು ಆಕೆ ಹುಡುಗಿಯನ್ನು ಕಳುಹಿಸಿದಳು.

ಎರಡು ವಾರಗಳು ಕಳೆದುವು. ಬೇಕೋ ಬೇಡವೋ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಪ್ರತಿ ಭಾನುವಾರ ಬಾಚಣಿಗೆಯನ್ನು ತಂದು ನನ್ನ ಮುಂದೆ ಕೂರುತ್ತಿದ್ದಳು. ಮದುವೆಗೆ ಊರಿಗೆ ಬಂದಾಗ ಅವಳ ಸುರುಳಿಗೂದಲಿನ ಸುತ್ತಲೂ ಮಲ್ಲಿಗೆಯ ದಂಡೆಯನ್ನು ಸುತ್ತಿದೆನು. ಪಿನ್ನೊಂದೂ ಬೇಕಾಗಲಿಲ್ಲ, ಧಾರೆ ಮುಗಿದು ಊಟವಾಗಿ ಎಲ್ಲರೂ ಏಳುವವರೆಗೂ ದಂಡೆಯು ಜಾರಲಿಲ್ಲ.