ಗ್ವಾಡಿ ಉಸರಾಡಬೇಕಲ್ಲೋ

ಮಿರಜದ ಡಾಕ್ಟರು ಅವ್ವನ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ, ಮನೆಯಲ್ಲಿ ಹಸಿ ಹಿಡಿದ ಗೋಡೆ ಇದೆಯೇ, ಬೂಷ್ಟು ಬೆಳೆದ ಜಾಗ ಇದೆಯೇ ಎಂದು ವಿಚಾರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿಬಿಟ್ಟಳು: “ಇಲ್ರಿ ಸಾಹೇಬ್ರ. ಮೊದಲ ಬಚ್ಚಲ ಗ್ವಾಡಿ ಸ್ವಲ್ಪ ಹಸಿ ಇತ್ರಿ. ಈಗ ನಮ್ಮ ಹುಡಗ ಅದಕ್ಕ ಚಂದನ ಕಾಗದ ಹಚ್ಚ್ಯಾನ್ರಿ.”

ಅವಳ ದನಿಯಲ್ಲಿ ಹೆಮ್ಮೆಯಿತ್ತು. ಡಾಕ್ಟರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಮಿರಜದಿಂದ ರಾಯಬಾಗಕ್ಕೆ ಬರುವ ರೈಲು ಉಗಾರ ದಾಟಿ, ಕೃಷ್ಣೆಯ ಮೇಲಿನ ಸೇತುವೆ ದಾಟಿ, ಕುಡಚಿ, ಚಿಂಚಲಿ ಎಂದು ನಿಲ್ಲುತ್ತ ಬರುತ್ತದೆ. ದಾರಿಯುದ್ದಕ್ಕೂ ಎರಡೂ ಕಡೆ ಕಬ್ಬು. ಅವ್ವ ಕಿಟಕಿಗೆ ತಲೆಯಾನಿಸಿ ಕೆಮ್ಮುತ್ತಿದ್ದಳು. ನಾನು ಆ ಕಾಗದದ ಲೆಕ್ಕ ಹಾಕುತ್ತಿದ್ದೆ. ಹಚ್ಚಿ ಮೂರು ವರ್ಷವಾಗಿತ್ತು. ಕೆಮ್ಮು ಶುರುವಾಗಿ ಎರಡು.

ನಮ್ಮ ಮನೆ ಮುತ್ಯಾ ಕಟ್ಟಿಸಿದ್ದು. ಆಗ ರಾಯಬಾಗ ಇನ್ನೂ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. 1949ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಮನೆ ಮಾತ್ರ ಇದ್ದಲ್ಲೇ ಇತ್ತು. ಕಪ್ಪು ಕಲ್ಲು, ನಡುವೆ ಮಣ್ಣು, ಮೇಲೆ ಸುಣ್ಣದ ಗಿಲಾವು. ಬಚ್ಚಲಮನಿ ಅಂದರೆ ಅಡುಗೆಮನೆಯ ಹಿಂದೆ ನಾಲ್ಕು ಅಡಿ ಅಗಲ, ಐದು ಅಡಿ ಉದ್ದದ ಒಂದು ಗೂಡು. ಅದರಲ್ಲಿ ಅರ್ಧ ಜಾಗ ನೀರೊಲೆ ಮತ್ತು ಅದರ ಮೇಲೆ ಕೂತ ತಾಮ್ರದ ಹಂಡೆಯದ್ದು. ಒಲೆಗೆ ಕಬ್ಬಿನ ರವದಿ. ಹೊಗೆ ಹೋಗಲು ಮೇಲೆ ಒಂದು ಗೇಣು ಕಿಂಡಿ. ಮೈ ತೊಳೆದುಕೊಳ್ಳುವವರು ಮೊಣಕೈ ಎತ್ತಿದರೆ ಗೋಡೆಗೆ ತಾಗುತ್ತದೆ.

ನನಗೆ ಸಂಬಂಧ ನೋಡಲು ನಿಪ್ಪಾಣಿ ಕಡೆಯ ಬೀಗರು ಬರುತ್ತಾರೆಂದು ಗೊತ್ತಾದಾಗ ನನಗೆ ಮೊದಲು ನೆನಪಾದದ್ದು ಈ ಗೂಡು. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ, ಪುಣೆಯಲ್ಲಿ ನೌಕರಿ ಹಿಡಿದು, ಗಾಜಿನ ಬಾಗಿಲಿನ ಬಾತ್‌ರೂಮಿಗೆ ಒಗ್ಗಿಕೊಂಡವನಿಗೆ ಹೊಗೆ ಹಿಡಿದ, ಸುಣ್ಣ ಉದುರುವ ಗೋಡೆ ನಾಚಿಕೆ ತಂದಿತು. ಆನ್‌ಲೈನಿನಲ್ಲಿ ಟೈಲ್ಸಿನ ಚಿತ್ರವಿದ್ದ ಪ್ಲಾಸ್ಟಿಕ್ ವಾಲ್‌ಪೇಪರ್ ತರಿಸಿದೆ. ಹಿಂದಿನ ಹಾಳೆ ಸುಲಿದು ಗೋಡೆಗೆ ಒತ್ತಿದರಾಯಿತು. ಒಂದೇ ಮಧ್ಯಾಹ್ನದಲ್ಲಿ ಬಚ್ಚಲು ತಿಳಿನೀಲಿ ಟೈಲ್ಸಿನದಾಯಿತು. ಹಸಿಯ ಕಲೆ ಮಾಯ. ಅವ್ವ ಬಾಗಿಲಲ್ಲಿ ನಿಂತು, “ಇನ್ನ ಮ್ಯಾಲ ಸುಣ್ಣ ಹಚ್ಚೂ ಕೆಲಸ ಇಲ್ಲ ಹಂಗಾರ” ಅಂದಳು. ನಾನು ಅದನ್ನು ಸಂತೋಷವೆಂದೇ ತಿಳಿದೆ.

ಮಿರಜದಿಂದ ಬಂದ ಆ ಸಂಜೆ ಟಾರ್ಚ್ ಹಿಡಿದು ಒಳಗೆ ಹೋದೆ. ಹಂಡೆಯ ಹಿಂದಿನ ಮೂಲೆಯಲ್ಲಿ ಕಾಗದ ಹೊಟ್ಟೆಯಂತೆ ಉಬ್ಬಿತ್ತು. ಒತ್ತಿದರೆ ಒಳಗೆ ನೀರು ಸರಿದಾಡಿತು. ಅಂಚು ಹಿಡಿದು ಎಳೆದೆ. ಬಂದ ವಾಸನೆಯನ್ನು ಹೇಗೆ ಹೇಳಲಿ, ಮಳೆಗಾಲದಲ್ಲಿ ಮುಚ್ಚಿಟ್ಟು ಮರೆತ ಹಿಟ್ಟಿನ ಡಬ್ಬಿ ತೆರೆದ ಹಾಗೆ. ಕಾಗದದ ಬೆನ್ನು ಪೂರ್ತಿ ಕಪ್ಪು. ಚುಕ್ಕಿ ಚುಕ್ಕಿಯಲ್ಲ, ತುಪ್ಪಳದಂಥ ಕಪ್ಪು.

ಅಂಚುಗಳಲ್ಲಿ ಇನ್ನೊಂದು ಪದರವಿತ್ತು, ಒಣಗಿದ ಗಂಜಿಯಂತೆ. ಏನೆಂದು ಕೇಳಿದೆ.

“ಬಿಡಾಕತ್ತಿತ್ತಲ್ಲ, ಮೈದಾ ಕುದಿಸಿ ಅಂಟ ಮಾಡಿ ಹಚ್ಚತಿದ್ದೆ.”

“ನಂಗ್ಯಾಕ ಹೇಳಲಿಲ್ಲಬೇ?”

“ರೊಕ್ಕ ಕೊಟ್ಟ ಹಚ್ಚಿದ್ದಿ. ಬಿಚ್ಚಾಕತ್ತೈತಿ ಅಂತ ಹೆಂಗ ಹೇಳೂದು?”

ಎಂ.ಎ. ಓದುವಾಗ ನಮಗೆ ಶಾರ್ಲಟ್ ಪರ್ಕಿನ್ಸ್ ಗಿಲ್ಮನ್ ಅವರ ‘ದಿ ಯೆಲ್ಲೋ ವಾಲ್‌ಪೇಪರ್’ ಕಥೆಯಿತ್ತು. 1892ರದ್ದು. ವಿಶ್ರಾಂತಿಯ ಹೆಸರಿನಲ್ಲಿ ಡಾಕ್ಟರ್ ಗಂಡ ಒಂದು ಕೋಣೆಯಲ್ಲಿ ಇರಿಸಿದ ಹೆಣ್ಣುಮಗಳಿಗೆ ಗೋಡೆಯ ಹಳದಿ ಕಾಗದದ ಹಿಂದೆ ಇನ್ನೊಬ್ಬ ಹೆಂಗಸು ಕಾಣುತ್ತಾಳೆ. ಕೊನೆಗೆ ಇವಳು ಆ ಕಾಗದವನ್ನು ಕಿತ್ತು ಹಾಕುತ್ತಾಳೆ. ನಾನು ಅದರ ಮೇಲೆ ಎಂಟು ಪುಟದ ಉತ್ತರ ಬರೆದಿದ್ದೆ. ಕಾಗದವೆಂದರೆ ಏನೇನು ಸಂಕೇತ ಎಂದು ಪಟ್ಟಿ ಮಾಡಿದ್ದೆ. ಕಾಗದದ ಹಿಂದೆ ನಿಜವಾಗಿ ಗೋಡೆ ಇರುತ್ತದೆ, ಆ ಗೋಡೆಗೆ ಏನೋ ಆಗುತ್ತಿರುತ್ತದೆ ಎಂಬುದು ಹೊಳೆದಿರಲಿಲ್ಲ.

ಆಗುತ್ತದೆ ಎಂಬುದಕ್ಕೆ ಪುರಾವೆ ಯುರೋಪಿನಲ್ಲೇ ಇದೆ. 1775ರಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿ ಕಾರ್ಲ್ ವಿಲ್ಹೆಲ್ಮ್ ಶೀಲೆ ತಾಮ್ರ ಮತ್ತು ಆರ್ಸೆನಿಕ್ ಸೇರಿದ ಒಂದು ಹಸಿರು ಬಣ್ಣ ತಯಾರಿಸಿದ. ಮುಂದಿನ ಶತಮಾನದಲ್ಲಿ ಅಂಥ ಹಸಿರಿನ ಕಾಗದ ಮನೆಮನೆಯ ಗೋಡೆಗೆ ಹೋಯಿತು. ಹಸಿ ಕೋಣೆಗಳಲ್ಲಿ ಮಲಗುವವರು ಕಾಯಿಲೆ ಬೀಳುತ್ತಿದ್ದರು. 1890ರ ದಶಕದಲ್ಲಿ ಇಟಲಿಯ ಬಾರ್ತೊಲೊಮಿಯೊ ಗೋಸಿಯೊ ತೋರಿಸಿಕೊಟ್ಟದ್ದು ಇದು: ಹಸಿಯಲ್ಲಿ ಬೆಳೆಯುವ ಕೆಲವು ಬೂಷ್ಟುಗಳು ಆರ್ಸೆನಿಕ್ ಇರುವ ಬಣ್ಣದಿಂದ ಬೆಳ್ಳುಳ್ಳಿ ವಾಸನೆಯ ವಿಷಾನಿಲ ಹೊರಡಿಸಬಲ್ಲವು. ಗೋಡೆಗೆ ಕಾಗದ ಹಿಡಿಸಿದ ಹಿಟ್ಟಿನ ಅಂಟು ಬೂಷ್ಟಿಗೆ ಊಟ. ನಮ್ಮ ಬಚ್ಚಲ ಕಾಗದದಲ್ಲಿ ಆರ್ಸೆನಿಕ್ ಇರಲಿಲ್ಲ. ಆದರೆ ಹಸಿ ಇತ್ತು, ಬೂಷ್ಟು ಇತ್ತು, ಅವ್ವನ ಮೈದಾ ಅಂಟೂ ಇತ್ತು.

ಮರುದಿನ ಊರಿನ ಹಳೆಯ ಪೇಂಟರ್ ಕಾಕಾ ಒಬ್ಬರನ್ನು ಕರೆತಂದೆ. ಪುಟ್ಟಿ ಹಾಕಿ, ಎರಡು ಕೈ ಆಯಿಲ್ ಪೇಂಟ್ ಹೊಡೆದು ಕೊಡಿ ಎಂಬುದು ನನ್ನ ಬೇಡಿಕೆ. ಅವರು ಗೋಡೆಗೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು.

“ತಮ್ಮಾ, ಇದು ಸಿಮಿಟಿನ ಗ್ವಾಡಿ ಅಲ್ಲ. ಕಲ್ಲು-ಮಣ್ಣಿಂದು. ಬುಡದಾಗ ನೀರ ಕುಡೀತೈತಿ, ಮ್ಯಾಲ ಬಿಡತೈತಿ. ನೀ ಬಾಯಿಗಿ ಪ್ಲಾಸ್ಟಿಕ್ ಕಟ್ಟಿದಿ. ಈಗ ಆಯಿಲ್ ಪೇಂಟ್ ಹೊಡದರೂ ಅದ ಆತು. ಗ್ವಾಡಿ ಉಸರಾಡಬೇಕಲ್ಲೋ.”

ಆಮೇಲೆ ಹೊಲದ ಮಾತು ತೆಗೆದರು. ನಮ್ಮ ಕಡೆ ಕಬ್ಬಿಗೆ ನೀರು ಹಾಯಿಸಿ ಹಾಯಿಸಿ, ಬಸಿಯಲು ದಾರಿಯಿಲ್ಲದೆ, ಎಷ್ಟೋ ಭೂಮಿ ಸವಳು ಹಿಡಿದಿದೆ. ನೀರು ಮೇಲೇರಿ ಆವಿಯಾಗುತ್ತದೆ, ಉಪ್ಪು ಮೇಲೆಯೇ ಉಳಿಯುತ್ತದೆ. ಗೋಡೆಗೂ ಅದೇ ನಿಯಮ. ಕೆಳಗಿನ ಎರಡು ಅಡಿ ಗಿಲಾವಿನಲ್ಲಿ ಬೆಳ್ಳಗೆ ಹಿಟ್ಟಿನಂತೆ ಎದ್ದಿದ್ದು ಅದೇ ಉಪ್ಪು. ನೀರನ್ನು ಪೂರ್ತಿ ತಡೆಯಲಾಗದು. ಅದು ಹೊರಗೆ ಹೋಗಲು ಬಿಡಬೇಕು, ಅಷ್ಟೆ. ಆಗ ದಸರೆ ಮುಗಿದಿತ್ತು, ದೀಪಾವಳಿಗೆ ಇಪ್ಪತ್ತು ದಿನವಿತ್ತು. ಕೀಳುವುದು ನಿನ್ನ ಕೆಲಸ, ಒಣಗಿದ ಮೇಲೆ ನಾನು ಬರುತ್ತೇನೆ ಎಂದು ಹೇಳಿ ಹೋದರು.

ಹಚ್ಚಲು ಒಂದು ಮಧ್ಯಾಹ್ನ ಸಾಕಾಗಿದ್ದ ಕಾಗದ ಕೀಳಲು ನಾಲ್ಕು ದಿನ ಹಿಡಿಯಿತು. ಉಬ್ಬಿದ ಕಡೆ ತಾನಾಗಿ ಬಂತು. ಗಟ್ಟಿ ಕೂತ ಕಡೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಒತ್ತಿ ಹಿಡಿದು, ಅಂಟು ಮೆತ್ತಗಾದ ಮೇಲೆ ಮೂಲೆಯಿಂದ ನಿಧಾನ ಎಳೆಯಬೇಕು. ಅವಸರ ಮಾಡಿದರೆ ಗಿಲಾವಿನ ಹೆಂಟೆಯೇ ಕೈಗೆ ಬರುತ್ತದೆ. ಹಂಡೆಗೂ ಗೋಡೆಗೂ ನಡುವೆ ಒಂದು ಗೇಣು ಸಂದಿ. ಅಂಗಡಿಯಿಂದ ತಂದ ಸ್ಕ್ರೇಪರ್ ಹಿಡಿಕೆ ಅಲ್ಲಿ ತಿರುಗಲಿಲ್ಲ. ಅವ್ವ ರೊಟ್ಟಿ ಹೊರಳಿಸುವ ಸಣ್ಣ ಕಬ್ಬಿಣದ ಪಟ್ಟಿ ತಂದುಕೊಟ್ಟಳು. ಒಂದು ಭುಜ ಗೋಡೆಗೆ, ಕೆನ್ನೆ ಹಂಡೆಗೆ ಒತ್ತಿ, ಕಾಣದ ಜಾಗವನ್ನು ಕೈಯಿಂದಲೇ ತಡವಿ ಕೆರೆದೆ. ಬೂಷ್ಟಿನ ಮೇಲೆ ಎಲ್ಲೋ ಓದಿದ್ದ ವಿನಿಗರ್ ಹಚ್ಚಿ, ಅದರ ಮೇಲೆ ಬ್ಲೀಚಿಂಗ್ ಪೌಡರ್ ನೀರು ಹೊಯ್ಯಲು ಹೊರಟಿದ್ದೆ. ಕಾಕಾ ಫೋನಿನಲ್ಲಿಯೇ ಬೈದರು. ಅವೆರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಒಂದು ಗೇಣು ಕಿಂಡಿಯ ಗೂಡಿನಲ್ಲಿ ಅದರ ಅರ್ಥವೇನೆಂದು ಹೇಳಬೇಕಿಲ್ಲ. ವಿನಿಗರ್ ಬಿಟ್ಟೆ. ಸಾಬೂನಿನ ನೀರು, ಬ್ರಷ್, ಮೂಗಿಗೆ ಮಾಸ್ಕು. ಆ ನಾಲ್ಕೂ ದಿನ ಅವ್ವನನ್ನು ಒಳಗೆ ಬಿಡಲಿಲ್ಲ. ಹಿತ್ತಲಲ್ಲಿ ಹಳೆ ಸೀರೆ ಕಟ್ಟಿ ಮರೆ ಮಾಡಿಕೊಟ್ಟೆ. ಅವಳು ಅಲ್ಲೇ ಸ್ನಾನ ಮಾಡಿದಳು.

ಮೂರನೆಯ ದಿನ ನೀರೊಲೆಯ ಪಕ್ಕ ಕಾಗದದ ಜೊತೆ ಅಂಗೈಯಗಲದ ಸುಣ್ಣದ ಚಕ್ಕೆ ಎದ್ದು ಬಂತು. ಬಿಸಿಲಿಗೆ ತಂದು ನೋಡಿದೆ. ಅಂಚಿನಲ್ಲಿ ಈರುಳ್ಳಿಯ ಹಾಗೆ ಪದರ ಪದರ. ಬಿಳಿ, ನಡುವೆ ಹೊಗೆಯ ಸಣ್ಣ ಗೆರೆ, ಮತ್ತೆ ಬಿಳಿ, ಕೆಲವು ಕಡೆ ನೀಲಿ ಹೆಚ್ಚಾದ ಬಿಳಿ. ಮೇಲ್ಮೈಯಲ್ಲಿ ಕೆಮ್ಮಣ್ಣಿನ ಪಟ್ಟೆ. ನೀರು ತುಂಬುವ ಹಬ್ಬದ ದಿನ ಹಂಡೆ ತಿಕ್ಕಿ, ಗೋಡೆಗೆ ಸುಣ್ಣ ಹಚ್ಚಿ, ಕೆಮ್ಮಣ್ಣಿನ ಗೆರೆ ಎಳೆದು, ಹಂಡೆಯ ಕೊರಳಿಗೆ ಬಳ್ಳಿ ಸುತ್ತುತ್ತಿದ್ದವಳು ಅವ್ವ. ವರ್ಷಕ್ಕೊಂದು ಪದರ.

ಚಕ್ಕೆಯನ್ನು ಅವಳ ಕೈಗಿಟ್ಟೆ. ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಒಂದು ಕಡೆ ಹೊಗೆಯ ಗೆರೆ ಉಳಿದವುಗಳಿಗಿಂತ ದಪ್ಪವಾಗಿತ್ತು. ಅದರ ಮೇಲೆ ಉಗುರಿಟ್ಟಳು.

“ಇದು ನಿಮ್ಮ ಅಪ್ಪ ಹ್ವಾದ ವರ್ಷದ್ದು. ಹಬ್ಬ ಮಾಡಲಿಲ್ಲ. ಸುಣ್ಣ ಹಚ್ಚಲಿಲ್ಲ. ಎರಡ ವರ್ಷದ ಹೊಗಿ ಕೂಡೇತಿ ನೋಡು.”

ಇನ್ನೇನೂ ಹೇಳದೆ ಚಕ್ಕೆಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ಅಪ್ಪನ ಸಾವಿಗೆ ಅವಳು ಒಂದು ವರ್ಷ ಸುಣ್ಣ ಬಿಟ್ಟಿದ್ದಳು. ನನ್ನ ಕಾಗದಕ್ಕೆ ಮೂರು ವರ್ಷ ಬಿಟ್ಟಿದ್ದಳು. ಅವಳ ಕೆಲಸ ಕಡಿಮೆ ಮಾಡಿದೆನೆಂದು ನಾನು ತಿಳಿದಿದ್ದೆ. ಅವಳದ್ದೆಂದು ಆ ಮನೆಯಲ್ಲಿ ಇದ್ದ ಲೆಕ್ಕವೊಂದನ್ನು ನಿಲ್ಲಿಸಿಬಿಟ್ಟಿದ್ದೆ. ಅವಳು ಅದನ್ನೂ ಹೇಳಿರಲಿಲ್ಲ, ಉಬ್ಬಿದ ಕಾಗದದ ವಿಷಯ ಹೇಳದ ಹಾಗೆಯೇ.

ಹದಿಮೂರು ದಿನ ಗೋಡೆ ಬೆತ್ತಲೆ ಇತ್ತು. ಬಾಗಿಲು ಹಗಲೆಲ್ಲ ತೆರೆದಿತ್ತು. ಕಾಕಾ ಬಂದು ಮತ್ತೆ ಅಂಗೈ ಇಟ್ಟು ನೋಡಿ, ಉಪ್ಪು ಎದ್ದ ಗಿಲಾವನ್ನು ಕೆತ್ತಿ ತೆಗೆದು, ಸುಣ್ಣ-ಉಸುಕಿನಿಂದಲೇ ತೇಪೆ ಹಾಕಿದರು. ಸುಣ್ಣದ ಹರಳು ಡ್ರಮ್ಮಿಗೆ ಹಾಕಿ ನೀರು ಹೊಯ್ದಾಗ ಬೆಂಕಿಯಿಲ್ಲದೆ ಕೊತಕೊತ ಕುದಿಯಿತು. ಆ ನೀರು ಎಷ್ಟು ಕ್ಷಾರವೆಂದರೆ ಬೂಷ್ಟು ಅದರಲ್ಲಿ ಬೆಳೆಯಲಾರದು. ಕಣ್ಣಿಗೆ ಸಿಡಿದರೆ ಕಣ್ಣೂ ಉಳಿಯುವುದು ಕಷ್ಟ. ಕನ್ನಡಕ ಹಾಕಿಕೊಂಡೇ ಕಲಕಿದೆ. ಗೋಡೆಗೆ ಹಚ್ಚಿದ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿ ನಿಧಾನಕ್ಕೆ ಮತ್ತೆ ಸುಣ್ಣದ ಕಲ್ಲಾಗುತ್ತದೆ. ಆದರೆ ಅದರ ಸಣ್ಣ ರಂಧ್ರಗಳು ಮುಚ್ಚುವುದಿಲ್ಲ. ಕಾಕಾ ಹೇಳಿದ ಉಸಿರಾಟವೆಂದರೆ ಇದೇ.

ಮೂರು ಕೈ ಸುಣ್ಣ, ತೆಳ್ಳಗೆ, ಒಂದು ಒಣಗಿದ ಮೇಲೆ ಇನ್ನೊಂದು. ಕೊನೆಯ ಕೈಗೆ ಎಷ್ಟು ನೀಲಿ ಹಾಕಬೇಕೆಂದು ಅವ್ವನೇ ಬಂದು ಹೇಳಿದಳು. ಹೊಗೆ ಕಿಂಡಿಯನ್ನು ದೊಡ್ಡದು ಮಾಡಿಸಿದೆವು. ರವದಿಯ ಹೊಗೆಯೂ ಅವಳ ಎದೆಗೆ ಒಳ್ಳೆಯದಲ್ಲವೆಂದು ಡಾಕ್ಟರು ಹೇಳಿದ್ದರಿಂದ ಸೋಲಾರ್ ಕೂಡಿಸಿದ್ದೇವೆ. ಒಲೆ ಈಗ ಹಬ್ಬಕ್ಕೆ ಮಾತ್ರ.

ಇದನ್ನೆಲ್ಲ ಪುಣೆಯಲ್ಲಿದ್ದ ಹೆಂಡತಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: “ನಾವು ಅವತ್ತ ನಿಮ್ಮ ಬಚ್ಚಲಕ್ಕ ಹೋಗೇ ಇಲ್ರಿ. ಅಂಗಳದಾಗ ಕಾಲ ತೊಳಕೊಂಡು ಒಳಗ ಬಂದಿದ್ವಿ.”

ಅವ್ವನ ಕೆಮ್ಮು ಕಡಿಮೆಯಾಗಿದೆ, ನಿಂತಿಲ್ಲ. ಇನ್‌ಹೇಲರ್ ನಡೆದಿದೆ. ಯಾವುದರಿಂದ ಎಷ್ಟು ಗುಣವಾಯಿತೆಂದು ಬೇರ್ಪಡಿಸಿ ಹೇಳಲಾಗದೆಂದು ಡಾಕ್ಟರು ಅನ್ನುತ್ತಾರೆ. ಗೋಡೆಯ ಬುಡದಲ್ಲಿ ಒಂದು ಗೇಣು ಎತ್ತರಕ್ಕೆ ಹಸಿಯ ಕಲೆ ಮಳೆಗಾಲದಲ್ಲಿ ಮತ್ತೆ ಕಾಣಿಸಿಕೊಂಡಿತು. ನಾನು ಅದನ್ನು ಫೋಟೊ ತೆಗೆದು ಕಾಕಾಗೆ ಕಳಿಸಲು ಹೊರಟಾಗ ಅವ್ವ ತಡೆದಳು.

“ಇರಲಿ ಬಿಡೋ. ಕಾಣಾಕತ್ತೈತಲ್ಲ. ದೀಪಾವಳಿಗಿ ಹಚ್ಚೂಣು.”